ಕರ್ನಾಟಕದಲ್ಲಿ ಪ್ರಯಾಣಿಕ ದೋಣಿಗಳ ಸುರಕ್ಷತಾ ತಪಾಸಣೆ

ಪ್ರಯಾಣಿಕ ದೋಣಿಗಳ ಸುರಕ್ಷತಾ ತಪಾಸಣೆ ಎಂದರೆ ನದಿ, ಹಿನ್ನೀರು, ಕೆರೆ, ಅಳಿವೆ ಹಾಗೂ ಕರಾವಳಿಯ ನೀರಿನಲ್ಲಿ ಜನರನ್ನು ಸಾಗಿಸುವ ದೋಣಿ, ಲಾಂಚ್, ಬಾರ್ಜ್ ಮತ್ತು ಹಡಗುಗಳು ಪ್ರಯಾಣಕ್ಕೆ ಯೋಗ್ಯವಾಗಿವೆಯೇ ಎಂಬುದನ್ನು ಕಾನೂನಿನ ಪ್ರಕಾರ ಪರೀಕ್ಷಿಸಿ ಪ್ರಮಾಣಪತ್ರ ನೀಡುವ ವ್ಯವಸ್ಥೆ. ಕರ್ನಾಟಕದಲ್ಲಿ ಈ ಹೊಣೆಯನ್ನು ಮುಖ್ಯವಾಗಿ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ ಹಾಗೂ ಕರ್ನಾಟಕ ಜಲಸಾರಿಗೆ ಮಂಡಳಿ ನಿರ್ವಹಿಸುತ್ತವೆ. ಒಳನಾಡಿನ ನೀರಿಗೆ ಸಂಬಂಧಿಸಿದ ಪ್ರಧಾನ ಕಾನೂನು ಒಳನಾಡು ನೌಕೆಗಳ ಕಾಯ್ದೆ, 2021. ಇದು 1917ರ ಕಾಯ್ದೆಯ ಸ್ಥಾನದಲ್ಲಿ ಬಂದಿತು.

ಒಂದು ನೂರು ವರ್ಷಕ್ಕೂ ಹೆಚ್ಚು ಕಾಲ ಈ ಕಾನೂನಿನ ದೃಷ್ಟಿ ಯಂತ್ರವಿರುವ ನೌಕೆಗಳ ಮೇಲೆಯೇ ಇತ್ತು. ಆದರೆ ರಾಜ್ಯದ ಒಳನಾಡಿನಲ್ಲಿ, ಅದರಲ್ಲಿಯೂ ಕೃಷ್ಣಾ ಮತ್ತು ತುಂಗಭದ್ರಾ ತೀರಗಳಲ್ಲಿ, ಜನರು ಹೊಳೆ ದಾಟುತ್ತಿದ್ದುದು ಯಂತ್ರವಿಲ್ಲದ ಹರಿಗೋಲುಗಳಲ್ಲಿ. ಕರ್ನಾಟಕದ ಮಟ್ಟಿಗೆ ಈ ವಿಷಯವನ್ನು ಅರಿಯಲು ಈ ಅಂತರವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕಾಗುತ್ತದೆ.

ಹಿನ್ನೆಲೆ

ದೋಣಿ ದಾಟಿಸುವುದು ಕನ್ನಡ ನಾಡಿನ ಹಳೆಯ ವೃತ್ತಿಗಳಲ್ಲಿ ಒಂದು. 12ನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯ ವೃತ್ತಿಯಿಂದ ಅಂಬಿಗನಾಗಿದ್ದವನು. ವೃತ್ತಿಯ ಹೆಸರೇ ಅವನ ಹೆಸರಿನ ಭಾಗವಾಗಿದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ತುಂಗಭದ್ರೆಯನ್ನು ದಾಟಿಸುತ್ತಿದ್ದ ಬುಟ್ಟಿಯಾಕಾರದ ದೋಣಿಗಳನ್ನು ವರ್ಣಿಸಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆಯಿದ್ದ ಅವು ಹದಿನೈದು ಇಪ್ಪತ್ತು ಜನರನ್ನು ಹೊರುತ್ತಿದ್ದವು, ಅಗತ್ಯಬಿದ್ದಾಗ ಕುದುರೆ ಎತ್ತುಗಳನ್ನೂ ಸಾಗಿಸುತ್ತಿದ್ದವು ಎಂಬುದು ಅವನ ಬರಹದಿಂದ ತಿಳಿಯುತ್ತದೆ. ಐದು ಶತಮಾನಗಳ ನಂತರವೂ ಹರಿಗೋಲಿನ ರಚನೆ ಹೆಚ್ಚು ಬದಲಾಗಿಲ್ಲ. ತೊಗಲಿನ ಬದಲು ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ ಬಂದಿದೆ, ಕೆಲವೆಡೆ ಫೈಬರ್ ಬಂದಿದೆ.

ಕಾನೂನಿನ ಇತಿಹಾಸ ಹಬೆ ಯಂತ್ರದಿಂದ ಆರಂಭವಾಗುತ್ತದೆ. 1917ರ ಕಾಯ್ದೆಯ ಮೂಲ ಹೆಸರೇ ಒಳನಾಡು ಹಬೆ ನೌಕೆಗಳ ಕಾಯ್ದೆ ಎಂದಿತ್ತು. ಬಾಯ್ಲರ್ ಸಿಡಿಯುವ, ಬೆಂಕಿ ಹೊತ್ತಿಕೊಳ್ಳುವ ಅಪಾಯ ಅಂದಿನ ಆಡಳಿತದ ಮುಖ್ಯ ಚಿಂತೆಯಾಗಿತ್ತು. ನೌಕೆಯನ್ನು ಸರ್ವೇಯರ್ ಪರೀಕ್ಷಿಸಬೇಕು, ಅವನು ಕೊಡುವ ಪ್ರಮಾಣಪತ್ರ ಒಂದು ವರ್ಷಕ್ಕೆ ಮಾತ್ರ ಸಿಂಧುವಾಗಿರಬೇಕು, ನಡೆಸುವವನಿಗೆ ಅರ್ಹತಾ ಪತ್ರ ಇರಬೇಕು ಎಂಬ ಮೂರು ನಿಯಮಗಳನ್ನು ಆ ಕಾಯ್ದೆ ಹಾಕಿಕೊಟ್ಟಿತು. ಮುಂದೆ ಹಬೆಯ ಜಾಗಕ್ಕೆ ಡೀಸೆಲ್ ಬಂದಾಗ ಕಾಯ್ದೆಯನ್ನು ಎಲ್ಲ ಯಂತ್ರಚಾಲಿತ ನೌಕೆಗಳಿಗೆ ವಿಸ್ತರಿಸಲಾಯಿತು. ಹುಟ್ಟು ಹಾಕುವ ದೋಣಿ ಆಗಲೂ ಹೊರಗೇ ಉಳಿಯಿತು.

ಸಮುದ್ರಯಾನದ ನಿಯಮಗಳ ಕಥೆ ಬೇರೆ. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನಲ್ಲಿ ಸುಮಾರು 2,200 ಜನರಿದ್ದರು. ಜೀವರಕ್ಷಕ ದೋಣಿಗಳಲ್ಲಿ ಇದ್ದ ಸ್ಥಳ 1,178 ಜನರಿಗೆ. ಇದು ಕಾನೂನುಬಾಹಿರವಾಗಿರಲಿಲ್ಲ ಎಂಬುದು ಗಮನಾರ್ಹ. ಅಂದಿನ ಬ್ರಿಟಿಷ್ ನಿಯಮವು ದೋಣಿಗಳ ಸಂಖ್ಯೆಯನ್ನು ಹಡಗಿನ ಟನ್ ಲೆಕ್ಕದಲ್ಲಿ ನಿಗದಿಪಡಿಸಿತ್ತು, ಜನರ ಲೆಕ್ಕದಲ್ಲಿ ಅಲ್ಲ. ಈ ದುರಂತದ ಫಲವಾಗಿ 1914ರಲ್ಲಿ ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಡಂಬಡಿಕೆ ಸಿದ್ಧವಾಯಿತು. ಸೋಲಾಸ್ ಎಂದು ಕರೆಯಲ್ಪಡುವ ಅದರ ಈಗಿನ ರೂಪ 1974ರದು, 1980ರಿಂದ ಜಾರಿಯಲ್ಲಿದೆ. ಭಾರತದ ತೀರದಲ್ಲಿ ನಡೆದ ಅತಿ ದೊಡ್ಡ ದುರಂತಗಳಲ್ಲಿ ಒಂದಾದ ರಾಮದಾಸ್ ಹಡಗಿನ ಮುಳುಗಡೆ 1947ರ ಜುಲೈ 17ರಂದು ಮುಂಬಯಿಯ ಬಳಿ ಸಂಭವಿಸಿತು. ಮಳೆಗಾಲದ ಸಮುದ್ರದಲ್ಲಿ ಅದು ಮಗುಚಿ ಆರುನೂರಕ್ಕೂ ಹೆಚ್ಚು ಜನ ಸತ್ತರು.

ಸಂವಿಧಾನ ಮತ್ತು ಕಾಯ್ದೆಗಳು

ಅಧಿಕಾರದ ಹಂಚಿಕೆ ಸಂವಿಧಾನದ ಏಳನೆಯ ಅನುಸೂಚಿಯಲ್ಲಿದೆ. ರಾಷ್ಟ್ರೀಯ ಜಲಮಾರ್ಗಗಳಲ್ಲಿ ಯಂತ್ರಚಾಲಿತ ನೌಕೆಗಳ ಸಂಚಾರ ಕೇಂದ್ರ ಪಟ್ಟಿಗೆ ಸೇರಿದೆ. ಇತರ ಒಳನಾಡು ನೀರಿನಲ್ಲಿ ಅಂತಹ ನೌಕೆಗಳ ಸಂಚಾರ ಸಮವರ್ತಿ ಪಟ್ಟಿಯ 32ನೆಯ ನಮೂದಿನಲ್ಲಿದೆ. ಉಳಿದ ಒಳನಾಡು ಜಲಸಾರಿಗೆ ರಾಜ್ಯ ಪಟ್ಟಿಯ 13ನೆಯ ನಮೂದಿನಲ್ಲಿದೆ. ಹೀಗಾಗಿ ಎಂಜಿನ್ ಇದೆಯೇ ಇಲ್ಲವೇ ಎಂಬ ಒಂದು ಪ್ರಶ್ನೆಯಿಂದಲೇ ದೋಣಿಯ ಮೇಲಿನ ಅಧಿಕಾರ ಯಾರದು ಎಂಬುದು ಬಹುಮಟ್ಟಿಗೆ ನಿರ್ಧಾರವಾಗುತ್ತದೆ.

2021ರ ಕಾಯ್ದೆಗೆ ಅದೇ ವರ್ಷದ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಅದುವರೆಗೆ ಪ್ರತಿ ರಾಜ್ಯವೂ ತನ್ನದೇ ನಿಯಮ ರೂಪಿಸಿಕೊಂಡಿದ್ದುದರಿಂದ ಒಂದು ರಾಜ್ಯದ ನೋಂದಣಿಗೆ ಇನ್ನೊಂದರಲ್ಲಿ ತೊಡಕಾಗುತ್ತಿತ್ತು. ಹೊಸ ಕಾಯ್ದೆ ದೇಶಕ್ಕೆಲ್ಲ ಒಂದೇ ಬಗೆಯ ನೋಂದಣಿ ಮತ್ತು ತಪಾಸಣೆಯನ್ನು ತಂದು, ನೌಕೆಗಳ ವಿವರಗಳಿಗೆ ಕೇಂದ್ರೀಯ ದತ್ತಾಂಶ ಕೋಶವನ್ನು ಕಡ್ಡಾಯಗೊಳಿಸಿತು. ಹನ್ನೆರಡಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯುವ ನೌಕೆ ಪ್ರಯಾಣಿಕ ನೌಕೆ ಎನಿಸಿಕೊಳ್ಳುತ್ತದೆ. ಅಪಘಾತವಾದರೆ ಸಂಬಂಧಪಟ್ಟವರಿಗೆ ತಿಳಿಸುವುದು ನಡೆಸುವವರ ಕರ್ತವ್ಯ. ಜಿಲ್ಲಾ ದಂಡಾಧಿಕಾರಿಗಳ ಮೂಲಕ ವಿಚಾರಣೆ ನಡೆಸಲು ಅವಕಾಶವಿದೆ.

ನೀರನ್ನು ಅಲೆಯ ಎತ್ತರಕ್ಕೆ ಅನುಗುಣವಾಗಿ ಮೂರು ವಲಯಗಳಾಗಿ ವಿಂಗಡಿಸಲಾಗಿದೆ. ವಿಶಿಷ್ಟ ಅಲೆಯ ಗರಿಷ್ಠ ಎತ್ತರ 2 ಮೀಟರ್ ಮೀರದ ನೀರು ಒಂದನೆಯ ವಲಯ, 1.2 ಮೀಟರ್ ಮೀರದ್ದು ಎರಡನೆಯದು, 0.6 ಮೀಟರ್ ಮೀರದ್ದು ಮೂರನೆಯದು. ಒಂದು ಅವಧಿಯಲ್ಲಿ ಏಳುವ ಅಲೆಗಳಲ್ಲಿ ಅತಿ ಎತ್ತರದ ಮೂರನೆಯ ಒಂದು ಭಾಗದ ಸರಾಸರಿಗೆ ವಿಶಿಷ್ಟ ಎತ್ತರ ಎನ್ನುತ್ತಾರೆ. ಆದ್ದರಿಂದ ಅದಕ್ಕಿಂತ ಎತ್ತರದ ಬಿಡಿ ಅಲೆಗಳು ಬಂದೇ ಬರುತ್ತವೆ. ಮೂರನೆಯ ವಲಯಕ್ಕೆ ಪ್ರಮಾಣಪತ್ರ ಪಡೆದ ದೋಣಿಯನ್ನು ಅಳಿವೆಯ ಬಾಯಿಗೆ ಒಯ್ಯುವಂತಿಲ್ಲ. ಕೆರೆಗೆ ಸಾಕಾಗುವ ದೋಣಿ ಕಡಲಿಗೆ ಸಾಲದು ಎಂಬ ಮೀನುಗಾರರ ಅರಿವಿಗೆ ಇದು ಕಾನೂನಿನ ರೂಪ.

ಯಂತ್ರವಿಲ್ಲದ ದೋಣಿಗಳು ಈ ಕಾಯ್ದೆಯೊಂದಿಗೆ ಮೊದಲ ಬಾರಿಗೆ ಲೆಕ್ಕಕ್ಕೆ ಬಂದವು. ಅವುಗಳನ್ನು ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ದಾಖಲಿಸಿಕೊಳ್ಳುವ ಮತ್ತು ಅವುಗಳಿಗೆ ಕನಿಷ್ಠ ಸುರಕ್ಷತಾ ಮಾನದಂಡ ನಿಗದಿಪಡಿಸುವ ಅಧಿಕಾರ ರಾಜ್ಯ ಸರ್ಕಾರಗಳಿಗೆ ದೊರೆತಿದೆ. ಇದಕ್ಕೆ ಮೊದಲು, 2017ರಲ್ಲಿ, ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ದೋಣಿ ಸುರಕ್ಷತೆಯ ಬಗ್ಗೆ ಮಾರ್ಗಸೂಚಿಯನ್ನು ಹೊರತಂದಿತ್ತು.

ತಪಾಸಣೆಯ ವಿಧಾನ

ಸರ್ವೇಯರ್ ಮೊದಲು ದೋಣಿಯನ್ನು ದಡಕ್ಕೆಳೆದು ಅದರ ತಳವನ್ನು ನೋಡುತ್ತಾನೆ. ಮರದ ದೋಣಿಯಾದರೆ ಹಲಗೆಗಳ ಕೂಡುಗೆ, ಹುಳು ತಿಂದ ಜಾಗ, ಮೊಳೆಗಳ ತುಕ್ಕು, ಉಕ್ಕಿನದಾದರೆ ತಗಡಿನ ದಪ್ಪ, ಫೈಬರಿನದಾದರೆ ಬಿರುಕು. ಬಳಿಕ ಎಂಜಿನ್, ಇಂಧನ ಟ್ಯಾಂಕ್, ಚುಕ್ಕಾಣಿ, ನೀರು ಹೊರಹಾಕುವ ಪಂಪ್, ಬೆಂಕಿ ಆರಿಸುವ ಸಲಕರಣೆ, ದೀಪ, ಸಿಳ್ಳೆ ಇವುಗಳ ಪರೀಕ್ಷೆ. ಇವೆಲ್ಲ ಕಣ್ಣಿಗೆ ಕಾಣುವಂಥವು. ಹೆಚ್ಚು ಜನರ ಪ್ರಾಣ ತೆಗೆದಿರುವುದು ಕಣ್ಣಿಗೆ ಕಾಣದ ಇನ್ನೊಂದು ದೋಷ. ಅದು ಸಮತೋಲದ ದೋಷ.

ದೋಣಿ ಮುಳುಗುವುದಕ್ಕೂ ಮಗುಚುವುದಕ್ಕೂ ವ್ಯತ್ಯಾಸವಿದೆ. ಭಾರ ಹೆಚ್ಚಾದಾಗ ದೋಣಿಯ ಅಂಚಿಗೂ ನೀರಿನ ಮಟ್ಟಕ್ಕೂ ಇರುವ ಅಂತರ ಕಡಿಮೆಯಾಗುತ್ತದೆ. ಸಣ್ಣ ಅಲೆಯೂ ಒಳಗೆ ನೀರು ಚೆಲ್ಲುತ್ತದೆ. ಇದು ಮುಳುಗಡೆಯ ದಾರಿ. ಭಾರ ಮೇಲಕ್ಕೆ ಅಥವಾ ಒಂದು ಬದಿಗೆ ಸರಿದಾಗ ಒಟ್ಟು ತೂಕ ಮಿತಿಯೊಳಗಿದ್ದರೂ ದೋಣಿ ವಾಲಿ ಮಗುಚಬಹುದು. ಕುಳಿತಿದ್ದ ಜನ ಎದ್ದು ನಿಂತರೆ ಭಾರಕೇಂದ್ರ ಮೇಲೇರುತ್ತದೆ. ನಿಂತವರೆಲ್ಲ ಒಂದು ಬದಿಗೆ ಬಂದರೆ ವಾಲುವಿಕೆ ಆರಂಭವಾಗುತ್ತದೆ. ವಾಲಿದ ದೋಣಿಯಲ್ಲಿ ಜನ ತಾವಾಗಿಯೇ ತಗ್ಗಿನ ಕಡೆಗೆ ಜಾರುತ್ತಾರೆ. ಈ ಮೂರು ಹಂತಗಳು ಕೆಲವೇ ಕ್ಷಣಗಳಲ್ಲಿ ಮುಗಿದುಹೋಗುತ್ತವೆ.

ಇದನ್ನು ಮುಂಚೆಯೇ ಅಳೆಯಲು ಓಲಿಕೆಯ ಪರೀಕ್ಷೆ ನಡೆಸುತ್ತಾರೆ. ಶಾಂತ ನೀರಿನಲ್ಲಿ ದೋಣಿಯನ್ನು ನಿಲ್ಲಿಸಿ, ಗೊತ್ತಾದ ತೂಕದ ಕಲ್ಲು ಅಥವಾ ಮರಳಿನ ಚೀಲಗಳನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸಿ, ತೂಗುಗುಂಡಿನ ದಾರ ಎಷ್ಟು ಸರಿಯಿತು ಎಂಬುದರಿಂದ ವಾಲುವಿಕೆಯನ್ನು ಲೆಕ್ಕಹಾಕುತ್ತಾರೆ. ಅಂತರರಾಷ್ಟ್ರೀಯ ಸಮತೋಲ ಸಂಹಿತೆಯಲ್ಲಿ ಒಬ್ಬ ಪ್ರಯಾಣಿಕನ ತೂಕ ಕನಿಷ್ಠ 75 ಕಿಲೋಗ್ರಾಂ, ಗುಂಪುಗೂಡಿದಾಗ ಒಂದು ಚದರ ಮೀಟರಿಗೆ ನಾಲ್ವರು ಎಂದು ಹಿಡಿಯಲಾಗಿದೆ. ಎಲ್ಲರೂ ಒಂದೇ ಬದಿಗೆ ಬಂದಾಗಲೂ ವಾಲುವಿಕೆ 10 ಡಿಗ್ರಿ ಮೀರಕೂಡದು. ದೋಣಿಯ ಮೇಲೆ ಬರೆಯುವ ಪ್ರಯಾಣಿಕರ ಸಂಖ್ಯೆ ಇಂತಹ ಲೆಕ್ಕದ ಫಲವೇ ಹೊರತು ಆಸನಗಳ ಎಣಿಕೆಯಲ್ಲ. ಹಬ್ಬದ ದಿನ ಇನ್ನಿಬ್ಬರನ್ನು ಹತ್ತಿಸಿಕೊಂಡರೇನು ಎಂಬ ಮಾತು ಈ ಲೆಕ್ಕವನ್ನು ಅರಿಯದವರ ಮಾತು. ದೋಣಿಯ ಮೇಲೆ ಇನ್ನೊಂದು ಅಂತಸ್ತು ಕಟ್ಟಿದರೆ, ಚಾವಣಿ ಹಾಕಿದರೆ ಅಥವಾ ಎಂಜಿನ್ ಬದಲಿಸಿದರೆ ಹಳೆಯ ಸಂಖ್ಯೆಗೆ ಅರ್ಥವಿಲ್ಲ. ಮತ್ತೆ ತಪಾಸಣೆ ಆಗಬೇಕು.

ಜೀವರಕ್ಷಕ ಜಾಕೆಟ್ಟಿಗೂ ಮಾನದಂಡವಿದೆ. ಸೋಲಾಸ್‌ನ ಪ್ರಕಾರ ಪ್ರಜ್ಞೆ ತಪ್ಪಿದವರನ್ನು ಅದು ಮುಖ ಮೇಲಾಗುವಂತೆ ತಿರುಗಿಸಬೇಕು, ಬಾಯಿಯನ್ನು ನೀರಿನಿಂದ ಮೇಲೆ ಹಿಡಿದಿಡಬೇಕು, 24 ಗಂಟೆ ನೀರಿನಲ್ಲಿ ಮುಳುಗಿದ್ದರೂ ತೇಲುವ ಶಕ್ತಿ ಶೇ. 5ಕ್ಕಿಂತ ಹೆಚ್ಚು ಕುಂದಬಾರದು. ಪೇಟೆಯಲ್ಲಿ ಸಿಗುವ ಕಿತ್ತಳೆ ಬಣ್ಣದ ಜಾಕೆಟ್ಟುಗಳೆಲ್ಲ ಈ ಪರೀಕ್ಷೆಯಲ್ಲಿ ಗೆದ್ದವುಗಳಲ್ಲ. ದೊಡ್ಡವರ ಜಾಕೆಟ್ ಮಕ್ಕಳಿಗೆ ಹಾಕಿದರೆ ಮಗು ಅದರೊಳಗಿಂದ ಜಾರಿಹೋಗುತ್ತದೆ. ಆದ್ದರಿಂದ ಮಕ್ಕಳ ಅಳತೆಯವು ಬೇರೆಯಾಗಿಯೇ ಇರಬೇಕು. ಆಸನದ ಕೆಳಗೆ ಕಟ್ಟಿಟ್ಟ ಜಾಕೆಟ್ ತಪಾಸಣೆಯ ದಿನ ಎಣಿಕೆಗೆ ಒದಗುತ್ತದೆ, ದೋಣಿ ಮಗುಚಿದ ಗಳಿಗೆಯಲ್ಲಿ ಕೈಗೆ ಒದಗುವುದಿಲ್ಲ.

ಕರಾವಳಿ ಮತ್ತು ಕೂರ್ಮಗಡ ದುರಂತ

ಕಾರವಾರ, ಮಲ್ಪೆ, ಮಂಗಳೂರು ಮೊದಲಾದ ಬಂದರುಗಳಿಂದ ಹೊರಡುವ ಪ್ರವಾಸಿ ದೋಣಿಗಳು ಬಂದರು ಅಧಿಕಾರಿಗಳ ಪರವಾನಗಿಗೆ ಒಳಪಟ್ಟಿವೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳು ಮಳೆಗಾಲದಲ್ಲಿ ಸಂಚಾರ ನಿಲ್ಲಿಸುತ್ತವೆ.

ಕಾರವಾರದ ಬಳಿಯ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರ ಜಾತ್ರೆ ಪುಷ್ಯ ಹುಣ್ಣಿಮೆಯಂದು ನಡೆಯುತ್ತದೆ. 2019ರ ಜನವರಿ 21ರಂದು ಜಾತ್ರೆ ಮುಗಿಸಿ ಹಿಂತಿರುಗುತ್ತಿದ್ದವರ ದೋಣಿಯೊಂದು ಸಮುದ್ರದಲ್ಲಿ ಮಗುಚಿ 16 ಜನ ಮೃತಪಟ್ಟರು. ಅವರಲ್ಲಿ ಮಕ್ಕಳೂ ಇದ್ದರು, ಕಡಲಿನ ಪರಿಚಯವಿಲ್ಲದ ಒಳನಾಡಿನ ಜಿಲ್ಲೆಗಳಿಂದ ಬಂದ ಕುಟುಂಬದವರೂ ಇದ್ದರು. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರೆಂದು ವರದಿಯಾಯಿತು. ವರ್ಷದ ಉಳಿದ ದಿನಗಳಲ್ಲಿ ಕೆಲವೇ ಜನರು ದಾಟುವ ನೀರನ್ನು ಒಂದೇ ದಿನ ಸಾವಿರಾರು ಜನರು ದಾಟುವುದು ಜಾತ್ರೆಗಳ ವಿಶೇಷ ಸಮಸ್ಯೆ. ವಾರ್ಷಿಕ ತಪಾಸಣೆ ದೋಣಿಯ ಸ್ಥಿತಿಯನ್ನು ಹೇಳಬಲ್ಲದು. ಆ ದಿನ ಹತ್ತುವವರ ಎಣಿಕೆಯನ್ನು ದಡದಲ್ಲಿ ನಿಂತವರೇ ಮಾಡಬೇಕು.

ಶರಾವತಿ ಹಿನ್ನೀರಿನ ಲಾಂಚುಗಳು

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ನಂತರ ಸಾಗರ ತಾಲ್ಲೂಕಿನ ಕರೂರು, ತುಮರಿ ಭಾಗದ ಹಳ್ಳಿಗಳು ನೀರಿನಿಂದ ಸುತ್ತುವರಿಯಲ್ಪಟ್ಟವು. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಿನ ಲಾಂಚ್ ಅವರಿಗೆ ಶಾಲೆ, ಆಸ್ಪತ್ರೆ, ಸಂತೆಗಳ ದಾರಿಯಾಯಿತು. ಸಿಗಂದೂರಿಗೆ ಬರುವ ಯಾತ್ರಿಕರಿಗೂ ಅದೇ ದಾರಿ. ಬಸ್ಸು, ಕಾರುಗಳೂ ಜನರೂ ಒಂದೇ ತೆರೆದ ಅಟ್ಟದ ಮೇಲೆ ದಾಟುತ್ತಿದ್ದ ಈ ಲಾಂಚುಗಳನ್ನು ಸರ್ಕಾರದ ಇಲಾಖೆಯೇ ನಡೆಸುತ್ತಿತ್ತು. ಬೇಸಿಗೆಯಲ್ಲಿ ಜಲಾಶಯದ ಮಟ್ಟ ಇಳಿದಾಗ ವಾಹನಗಳನ್ನು ಹತ್ತಿಸುವುದು ಕಷ್ಟವಾಗುತ್ತಿತ್ತು. 2023ರ ಜೂನ್‌ನಲ್ಲಿ ವಾಹನಗಳನ್ನು ನಿಲ್ಲಿಸಿ ಜನರನ್ನು ಮಾತ್ರ ದಾಟಿಸಬೇಕಾಯಿತು. 2025ರ ಜುಲೈ 14ರಂದು ಇಲ್ಲಿ ಸೇತುವೆ ಉದ್ಘಾಟನೆಯಾಯಿತು.

ಹರಿಗೋಲು ಮತ್ತು ಕೃಷ್ಣೆಯ ನಡುಗಡ್ಡೆಗಳು

ಹರಿಗೋಲಿನ ತಳ ಚಪ್ಪಟೆ, ಆಕಾರ ದುಂಡು. ಆಳವಿಲ್ಲದ, ಬಂಡೆಗಳಿರುವ ಹೊಳೆಗೆ ಇದು ಹೇಳಿಮಾಡಿಸಿದ್ದು. ಬಂಡೆಗೆ ತಗುಲಿದರೆ ಒಡೆಯದೆ ಬಾಗುತ್ತದೆ. ಜನ ಕುಳಿತಿದ್ದು ಭಾರ ಸಮನಾಗಿ ಹರಡಿದ್ದರೆ ಅಲುಗುವುದು ಕಡಿಮೆ. ಆದರೆ ಮುಂದು ಹಿಂದು ಎಂಬ ಭೇದವಿಲ್ಲದ್ದರಿಂದ ಬಿರುಸಾದ ಸೆಳವಿನಲ್ಲಿ ತಿರುಗತೊಡಗುತ್ತದೆ, ಸುಳಿಗೆ ಸಿಕ್ಕರೆ ಒಬ್ಬ ಅಂಬಿಗನ ಹುಟ್ಟಿನಿಂದ ಹಿಡಿತಕ್ಕೆ ತರುವುದು ದುಸ್ತರ. ಎಂಜಿನ್ ದೋಣಿಗಾಗಿ ಬರೆದ ತಪಾಸಣಾ ಪಟ್ಟಿಯನ್ನು ಇದಕ್ಕೆ ಅನ್ವಯಿಸಲಾಗದು. ಇಲ್ಲಿ ನೋಡಬೇಕಾದದ್ದು ಹೆಣಿಗೆಯ ಬಿಗಿ, ಹೊದಿಕೆಯ ತೂತು, ಅಂಚಿನ ಎತ್ತರ, ಅಂಬಿಗನ ಅನುಭವ ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಅಂದಿನ ಹೊಳೆಯ ಮಟ್ಟ.

ರಾಯಚೂರು ಜಿಲ್ಲೆಯಲ್ಲಿ ಕೃಷ್ಣಾ ನದಿಯ ನಡುವೆ ಜನವಸತಿಯ ನಡುಗಡ್ಡೆಗಳಿವೆ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ನೀರು ಬಿಟ್ಟಾಗ ಅವು ಹೊರಜಗತ್ತಿನಿಂದ ಕಡಿದುಹೋಗುತ್ತವೆ. 2020ರ ಆಗಸ್ಟ್‌ನಲ್ಲಿ ತೆಲಂಗಾಣದ ದಡದಿಂದ ರಾಯಚೂರು ತಾಲ್ಲೂಕಿನ ಕುರ್ವಕುಲಕ್ಕೆ ಮರಳುತ್ತಿದ್ದವರ ಹರಿಗೋಲು ಮಗುಚಿ ನಾಲ್ವರು ನೀರುಪಾಲಾದರು. ಅದು ಪ್ರವಾಸವಲ್ಲ, ದಿನಸಿ ತರಲು ಹೋಗಿಬರುವಂಥ ನಿತ್ಯದ ದಾರಿ.

ಪ್ರವಾಹದ ದಿನಗಳಲ್ಲಿ ಜಿಲ್ಲಾಡಳಿತ ಹರಿಗೋಲುಗಳನ್ನು ನಿಷೇಧಿಸುವುದು ರೂಢಿ. ಅದು ಅಗತ್ಯವೂ ಹೌದು. ಆದರೆ ಪರ್ಯಾಯವಿಲ್ಲದ ನಿಷೇಧದ ಇನ್ನೊಂದು ಮುಖವನ್ನೂ ಇದೇ ನದಿ ತೋರಿಸಿದೆ. 2014ರ ಮಳೆಗಾಲದಲ್ಲಿ ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬರು, ದೋಣಿ ಹೋಗಲಾರದಷ್ಟು ಹೊಳೆ ತುಂಬಿದ್ದಾಗ, ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು ಈಜಿ ದಡ ಸೇರಿದರು. ಹೆರಿಗೆ ಸುರಕ್ಷಿತವಾಗಿ ಆಗಲಿ ಎಂಬುದೇ ಅವರ ಉದ್ದೇಶವಾಗಿತ್ತು. ದೋಣಿಯಲ್ಲಿ ಹೋಗುವ ಅಪಾಯವನ್ನು ತಡೆದರೂ ಹೊಳೆ ದಾಟುವ ಅನಿವಾರ್ಯ ಉಳಿದೇ ಇರುತ್ತದೆ. ಸುರಕ್ಷತಾ ನಿಯಮಗಳ ಚರ್ಚೆಯಲ್ಲಿ ಸೇತುವೆ, ವಿಪತ್ತು ದಳದ ದೋಣಿ ಮತ್ತು ನಡುಗಡ್ಡೆಯಲ್ಲಿಯೇ ವೈದ್ಯಕೀಯ ನೆರವು ಇವು ಸೇರಬೇಕಾದದ್ದು ಈ ಕಾರಣದಿಂದ.

ಬೀದರ್ ಜಿಲ್ಲೆ

ಬೀದರ್ ಜಿಲ್ಲೆಯ ಹುಮನಾಬಾದ್, ಬಸವಕಲ್ಯಾಣ ಭಾಗದಲ್ಲಿ, ನಿರ್ಣಾದಂತಹ ಊರುಗಳಲ್ಲಿ, ದೋಣಿ ನಿತ್ಯದ ವಾಹನವಲ್ಲ. ಮಂಜ್ರಾ ನದಿಯ ಹೆಸರು 2016ರ ರಾಷ್ಟ್ರೀಯ ಜಲಮಾರ್ಗಗಳ ಕಾಯ್ದೆಯ 111 ಜಲಮಾರ್ಗಗಳ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಪ್ರಯಾಣಿಕ ಸೇವೆ ಇದೆ ಎಂದಲ್ಲ. ಜಿಲ್ಲೆಯ ದೊಡ್ಡ ನೀರು ಎಂದರೆ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿಯ ಕಾರಂಜಾ ಜಲಾಶಯ, ಬಸವಕಲ್ಯಾಣ ತಾಲ್ಲೂಕಿನ ಚುಳಕಿ ನಾಲಾ ಜಲಾಶಯ ಮತ್ತು ಕೆರೆಗಳು. ಇಂತಹ ನೀರಿನಲ್ಲಿ ಮೀನುಗಾರರ ತೆಪ್ಪದಲ್ಲಿ ಬಾಡಿಗೆಗೆ ಜನರನ್ನು ಕೂರಿಸಿದ ಕ್ಷಣದಿಂದ ಅದು ಪ್ರಯಾಣಿಕರ ಸಾಗಣೆ. ಕೆರೆಯಲ್ಲಿ ಮೋಟಾರು ದೋಣಿಯ ವಿಹಾರ ಆರಂಭಿಸುವವರಿಗೆ ನೋಂದಣಿ, ತಪಾಸಣೆ ಮತ್ತು ಅರ್ಹ ಚಾಲಕ ಬೇಕೇ ಬೇಕು. ಕರಾವಳಿಯಿಂದ ದೂರವಿದ್ದು ಬಂದರು ಕಚೇರಿಯ ಪರಿಚಯವಿಲ್ಲದ ಜಿಲ್ಲೆಗಳಲ್ಲಿ ಈ ನಿಯಮ ಮರೆತುಹೋಗುವ ಸಂಭವ ಹೆಚ್ಚು.

ಇತರ ರಾಜ್ಯಗಳ ದುರಂತಗಳು

ಕೇರಳದ ಅನುಭವ ಈ ವಿಷಯದಲ್ಲಿ ದೀರ್ಘವಾದದ್ದು. 2002ರ ಜುಲೈ 27ರಂದು ಕುಮರಕಂ ಬಳಿ ಸರ್ಕಾರಿ ದೋಣಿ ಮುಳುಗಿ 29 ಜನ ಸತ್ತರು. ಸತ್ತವರಲ್ಲಿ ಸರ್ಕಾರಿ ಕೆಲಸದ ಪರೀಕ್ಷೆಗೆ ಹೊರಟಿದ್ದವರಿದ್ದರು. ನ್ಯಾಯಮೂರ್ತಿ ನಾರಾಯಣ ಕುರುಪ್ ಆಯೋಗ ಅದನ್ನು ವಿಚಾರಿಸಿತು. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ ಎರಡು ಅಂತಸ್ತಿನ ಜಲಕನ್ಯಕಾ ದೋಣಿ ಮಗುಚಿ 45 ಪ್ರವಾಸಿಗಳು ಮೃತಪಟ್ಟರು. 2023ರ ಮೇ 7ರಂದು ತಾನೂರಿನಲ್ಲಿ 22 ಜನರ ಪ್ರಾಣ ತೆಗೆದ ದೋಣಿ ಮೂಲತಃ ಮೀನುಗಾರಿಕೆಯದಾಗಿದ್ದು, ಪ್ರವಾಸಕ್ಕಾಗಿ ಮಾರ್ಪಡಿಸಿದ್ದು ಎಂದು ವರದಿಯಾಯಿತು. ಸಮತೋಲದ ಲೆಕ್ಕವನ್ನು ಮತ್ತೆ ಮಾಡದೆ ರೂಪ ಬದಲಿಸಿದರೆ ಆಗುವ ಅಪಾಯಕ್ಕೆ ಇದನ್ನು ಸಾಮಾನ್ಯವಾಗಿ ಉದಾಹರಿಸುತ್ತಾರೆ.

ಶಾಲಾ ಪ್ರವಾಸಗಳ ದುರಂತಗಳು ಪ್ರತ್ಯೇಕ ಉಲ್ಲೇಖಕ್ಕೆ ಅರ್ಹವಾಗಿವೆ. 2007ರ ಫೆಬ್ರುವರಿ 20ರಂದು ಕೇರಳದ ತಟ್ಟೇಕಾಡಿನಲ್ಲಿ 15 ವಿದ್ಯಾರ್ಥಿಗಳು ಮತ್ತು 3 ಶಿಕ್ಷಕಿಯರು, 2024ರ ಜನವರಿ 18ರಂದು ಗುಜರಾತಿನ ವಡೋದರಾದ ಹರಣಿ ಕೆರೆಯಲ್ಲಿ 12 ವಿದ್ಯಾರ್ಥಿಗಳು ಮತ್ತು 2 ಶಿಕ್ಷಕಿಯರು ಅಸುನೀಗಿದರು. ಹದಿನೇಳು ವರ್ಷಗಳ ಅಂತರದ ಈ ಎರಡೂ ಘಟನೆಗಳು ನಡೆದದ್ದು ಸಮುದ್ರದಲ್ಲಲ್ಲ, ಒಳನಾಡಿನ ನೀರಿನಲ್ಲಿ. ಮಕ್ಕಳನ್ನು ದೋಣಿ ಹತ್ತಿಸುವ ಮೊದಲು ದೋಣಿಯ ಮೇಲೆ ಬರೆದ ಪ್ರಯಾಣಿಕರ ಸಂಖ್ಯೆ, ಪ್ರಮಾಣಪತ್ರದ ಅವಧಿ, ಮಕ್ಕಳ ಅಳತೆಯ ಜಾಕೆಟ್ಟುಗಳು ಈ ಮೂರನ್ನು ಜೊತೆಯಲ್ಲಿರುವ ಶಿಕ್ಷಕರು ಕೇಳಿ ನೋಡಬಹುದು. ನೋಂದಾಯಿತ ನೌಕೆಯಲ್ಲಿ ಇವು ಇರಲೇಬೇಕಾದವು.